ಹಯವದನ ರಾಯರ ಸದ್ದಿಲ್ಲದ ಫ್ಯಾನುಗಳು

ಕಳಮಶ್ಶೇರಿಯ ನಮ್ಮ ಫ್ಯಾನು ಕಾರ್ಖಾನೆಯಲ್ಲಿ ಒಂದು ಕೋಣೆಯಿತ್ತು. ಹೊರಗಿನ ಗದ್ದಲ ಒಳಗೆ ಬಾರದಂತೆ ಗೋಡೆಗೆಲ್ಲ ತೆಂಗಿನ ನಾರಿನ ಚಾಪೆ ಬಡಿದಿದ್ದರು. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಮಲಯಾಳಿ ಕೆಲಸಗಾರರು ಅದನ್ನು ಶ್ರೀಕೋವಿಲ್ ಅನ್ನುತ್ತಿದ್ದರು, ಅಂದರೆ ಗರ್ಭಗುಡಿ. ಅಲ್ಲಿನ ಅರ್ಚಕರು ಉಡುಪಿ ಕಡೆಯ ಹಯವದನ ರಾಯರು. ತಯಾರಾದ ಪ್ರತಿಯೊಂದು ಟೇಬಲ್ ಫ್ಯಾನೂ ಅವರೆದುರು ತಿರುಗಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಸದ್ದು ಸರಿಯಿದ್ದರೆ ನೀಲಿ ಸೀಮೆಸುಣ್ಣದ ಗೀಟು. ಗೊರಗುಟ್ಟಿದರೆ ಕೆಂಪು ಗೀಟು.

ನಾನು ಮೈಸೂರಿನವನು, ಅದೇ ಕಾರ್ಖಾನೆಯ ಆಫೀಸಿನಲ್ಲಿ ಟೈಪು ಕುಟ್ಟುತ್ತಿದ್ದೆ. ಫ್ಯಾನಿನ ಬಗ್ಗೆ ನನಗಿದ್ದ ತಿಳಿವಳಿಕೆಯೆಂದರೆ ಅದರ ಎದುರು ಕೂತರೆ ಕಾಗದ ಹಾರುತ್ತದೆ ಎಂಬುದಷ್ಟೇ.

ಅರವತ್ತರ ದಶಕದಲ್ಲಿ ರಾಯರ ಕೆಂಪು ಗೀಟಿಗೆ ಕಾರ್ಖಾನೆಯೇ ನಡುಗುತ್ತಿತ್ತು. ಅವರು ತಳ್ಳಿಹಾಕಿದ ಫ್ಯಾನುಗಳು ಹಿತ್ತಲಿನಲ್ಲಿ ಗುಡ್ಡೆಯಾಗಿ, ಮಳೆಗೆ ತುಕ್ಕು ಹಿಡಿದು, ಕಡೆಗೆ ಗುಜರಿಗೆ ಹೋಗುತ್ತಿದ್ದವು. ಅದನ್ನು ಕಂಡಾಗಲೆಲ್ಲ ಮ್ಯಾನೇಜರ ಮುಖ ಹುಳಿ ಮಾವಿನಕಾಯಿ ಕಚ್ಚಿದಂತಾಗುತ್ತಿತ್ತು.

ಆಮೇಲೆ ಆ ಗುಡ್ಡೆ ತಾನಾಗಿ ಕರಗತೊಡಗಿತು. ಒಂದು ಬೇಸಿಗೆಯಲ್ಲಂತೂ ಹಿತ್ತಲಲ್ಲಿ ಯಾರೋ ಬದನೆ ಗಿಡ ನೆಟ್ಟರು. ಮ್ಯಾನೇಜರು ಹಿಗ್ಗಿ, ಕಾರ್ಖಾನೆಯ ವಾರ್ಷಿಕ ದಿನದಂದು ರಾಯರನ್ನು ಸನ್ಮಾನಿಸುವುದೆಂದು ಸಾರಿದರು. ಹಾಳಾಗುವ ಮಾಲನ್ನು ಕಡಿಮೆ ಮಾಡಿದ ಮಹಾನುಭಾವರು ಇವರೆಂದು ಗೇಟಿನ ಮೇಲೆ ಬಟ್ಟೆಯನ್ನೂ ಕಟ್ಟಿಸಿದರು.

ಅದೇ ವಾರ ರಾಯರು ನನ್ನನ್ನು ಊಟಕ್ಕೆ ಕರೆದರು. ಅವರ ಹೆಂಡತಿ ಪ್ರೇಮಮ್ಮ ಎಲೆ ಹಾಕಿ ಹಲಸಿನಕಾಯಿ ಪಲ್ಯ ಬಡಿಸಿದರು. ರಾಯರು ತಾವೇ ಪಾಸು ಮಾಡಿ ಕೊಂಡುತಂದ ಹೊಸ ಫ್ಯಾನಿನ ಗುಂಡಿ ಒತ್ತಿದರು. ಅಕ್ಕಿ ಗಿರಣಿಯೇ ಮನೆಯೊಳಗೆ ಬಂದಂತಾಯಿತು. ಪಲ್ಯದ ಬಟ್ಟಲು ಗಡಗಡ ನಡುಗಿತು.

"ಹೇಗುಂಟು ಮಾರಾಯ್ರೆ? ತಿರುಗ್ತಾ ಉಂಟಂತಲೇ ಗೊತ್ತಾಗುದಿಲ್ಲ, ಅಲ್ವಾ?" ಎಂದರು ರಾಯರು, ಹೆಮ್ಮೆಯಿಂದ.

ನಾನು ಪ್ರೇಮಮ್ಮನ ಕಡೆ ನೋಡಿದೆ. ಅವರು ಸಾರಿನ ಪಾತ್ರೆಯೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ತಲೆ ತಗ್ಗಿಸಿಕೊಂಡಿದ್ದರು.

"ಹೌದು ರಾಯರೆ, ಬಹಳ ಮೌನ!" ಎಂದು ನಾನು ಕಿರುಚಿ ಹೇಳಿದೆ.

ಹೊರಡುವಾಗ ಪ್ರೇಮಮ್ಮ ಮೆಟ್ಟಿಲಿನವರೆಗೂ ಬಂದರು. "ಕಿವಿ ಹೋದದ್ದು ಇವರಿಗೂ ಗೊತ್ತುಂಟು. ಕೆಲಸ ಹೋದ್ರೆ ಎಂತ ಮಾಡುದು ಅಂತ ಹೆದರಿಕೆ. ಮಲಯಾಳಿಗಳು ಕರೆದದ್ದು ಕೇಳದಿದ್ರೆ, ಭಾಷೆ ಅರ್ಥ ಆಗ್ಲಿಲ್ಲ ಹೇಳ್ತಾರೆ. ನಮ್ಮವರು ಕರೆದದ್ದು ಕೇಳದಿದ್ರೆ, ಇಲ್ಲಿಗೆ ಬಂದು ಕನ್ನಡ ಮರೆತುಹೋಯ್ತು ಹೇಳ್ತಾರೆ. ಮ್ಯಾನೇಜರು ಎಂತ ಕೇಳಿದ್ರೂ ಎಸ್ ಸಾರ್. ನಾನು ಮಾತಾಡಿದ್ರೆ ಮಾತ್ರ ಎದ್ದು ಬಚ್ಚಲಿಗೆ ಹೋಗ್ತಾರೆ."

ನಮ್ಮಂಥ ಪರಸ್ಥಳದವರಿಗೆ ಭಾಷೆ ಬಾರದಿರುವುದು ಎಷ್ಟೊಂದಕ್ಕೆ ಮರೆಯಾಗುತ್ತದೆ! ನಾನೂ ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಡಬೇಕಾದಾಗ ಆ ಮರೆಯಲ್ಲೇ ಕೂತಿರುತ್ತಿದ್ದೆ.

ವಾರ್ಷಿಕ ದಿನ ಬಂತು. ವೇದಿಕೆಯ ಮೇಲೆ, ಹೂಮಾಲೆ ಹಾಕಿಸಿಕೊಂಡು ಒಂದು ಫ್ಯಾನು ನಿಂತಿತ್ತು. ರಾಯರಿಗೆ ಶಾಲು ಹೊದಿಸಿ, ಮ್ಯಾನೇಜರು ಭಾಷಣಕ್ಕೆ ನಿಂತು, ಫ್ಯಾನು ಹಾಕುವಂತೆ ಸನ್ನೆ ಮಾಡಿದರು. ಅಷ್ಟೇ. ಮೈಕು ಆ ಸದ್ದನ್ನೆಲ್ಲ ಹೀರಿ ಸಭೆಯ ಮೇಲೆ ಸುರಿಯಿತು. ಮ್ಯಾನೇಜರ ತುಟಿ ಅಲ್ಲಾಡುತ್ತಿತ್ತು, ಮಾತು ಇಲ್ಲ. ಹಿಂದಿನ ಸಾಲಿನಲ್ಲಿ ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭೆ ಹೊಟ್ಟೆ ಹಿಡಿದು ನಕ್ಕಿತು.

ರಾಯರು ಅದನ್ನು ಸಂತೋಷವೆಂದು ತಿಳಿದು, ನಗುನಗುತ್ತಾ ಎಲ್ಲ ದಿಕ್ಕಿಗೂ ಕೈಮುಗಿದರು. ನಗು ಇನ್ನೂ ಹೆಚ್ಚಿತು. ಅವರು ಇನ್ನೊಮ್ಮೆ ಮುಗಿದರು. ಆಗ ಅವರ ಕಣ್ಣು ಹೆಂಗಸರ ಸಾಲಿಗೆ ಹೋಯಿತು. ನಗದಿದ್ದವರು ಅಲ್ಲಿ ಒಬ್ಬರೇ. ಪ್ರೇಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ನಾನು ನನ್ನ ಬೂಟಿನ ದಾರ ಕಟ್ಟಲು ಬಗ್ಗಿದೆ. ಹಾಕಿದ್ದು ಚಪ್ಪಲಿ.

ತಲೆ ಎತ್ತಿದಾಗ ರಾಯರು ಫ್ಯಾನಿನ ಬೆನ್ನ ಮೇಲೆ ಅಂಗೈ ಇಟ್ಟಿದ್ದರು. ಫ್ಯಾನು ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಅವರ ಮುಖ ಶಾಲಿನ ಅಂಚಿನಷ್ಟೇ ಕೆಂಪಾಯಿತು. ಗುಂಡಿ ಒತ್ತಿ ಫ್ಯಾನು ನಿಲ್ಲಿಸಿ, ಮೈಕಿನ ಹತ್ತಿರ ಹೋಗಿ, ಮಲಯಾಳದಲ್ಲಿ, ನಮಗಾರಿಗೂ ಬಾರದಷ್ಟು ಚೊಕ್ಕ ಮಲಯಾಳದಲ್ಲಿ ಹೇಳಿದರು: "ಇದನ್ನು ಪಾಸು ಮಾಡಿದ್ದು ನಾನು. ನನಗೆ ಕಿವಿ ಕೇಳುವುದಿಲ್ಲ. ಎರಡು ಮಳೆಗಾಲವಾಯಿತು." ಶಾಲು ಮಡಚಿ ಕುರ್ಚಿಯ ಮೇಲಿಟ್ಟು ಇಳಿದುಹೋದರು.

ರಾಯರನ್ನು ಕೆಲಸದಿಂದ ತೆಗೆದರೆ ಹಾಳು ಫ್ಯಾನುಗಳ ಸುದ್ದಿ ಊರೆಲ್ಲ ಹಬ್ಬೀತೆಂದು ಮ್ಯಾನೇಜರು ಹೆದರಿದರು. ರಾಯರೇ ದಾರಿ ತೋರಿಸಿದರು: ಮಾರಿದವನ್ನು ವಾಪಸು ತಂದು ತಾವೇ ರಿಪೇರಿ ಮಾಡಿಕೊಡುವುದು, ಸರಿಯಾಗದವನ್ನು ಬಿಚ್ಚಿ ತಾಮ್ರದ ತಂತಿ, ರೆಕ್ಕೆ, ಜಾಲರಿ ಮತ್ತೆ ಬಳಸುವುದು. ಸ್ಟೋರಿನ ಅಚ್ಯುತನ್ ಅವರಿಗೆ ಕಿವಿಯಾಗಲು ಒಪ್ಪಿದ. ಹೆಚ್ಚಿನ ಫ್ಯಾನು ತಿರುವನಂತಪುರಕ್ಕೆ ಹೋಗಿದ್ದವು. ಕಾರ್ಖಾನೆಯ ವ್ಯಾನಿನಲ್ಲಿ ಇಬ್ಬರೂ ಹೊರಟು ಅಲ್ಲಿನ ಉಳ್ಳೂರು ಬಡಾವಣೆಯ ಮನೆಮನೆಯ ಬಾಗಿಲು ತಟ್ಟಿದರು.

ಆ ತಿರುಗಾಟದ ಒಂದು ಸಂಗತಿಯನ್ನು ಅಚ್ಯುತನ್ ನಮ್ಮ ಕ್ಯಾಂಟೀನಿನಲ್ಲಿ ಸಾವಿರ ಸಲ ಹೇಳಿರಬೇಕು. ಒಬ್ಬ ಅಮ್ಮಚ್ಚಿ, ವಯಸ್ಸಾದಾಕೆ, ಫ್ಯಾನು ಕೊಡಲು ಒಪ್ಪಲಿಲ್ಲವಂತೆ. "ಬೇಡ ಸಾರೇ, ಇದು ಹೀಗೇ ಇರಲಿ. ಇದು ತಿರುಗಿದರೆ ನಮ್ಮ ಯಜಮಾನರ ಗೊರಕೆ ಕೇಳಿಸೋದಿಲ್ಲ" ಎಂದು ಮೆಲ್ಲಗೆ ಹೇಳಿದಳು. ರಾಯರು ಕಿವಿಯ ಹಿಂದೆ ಕೈ ಹಿಡಿದು "ಎಂತ?" ಎಂದರು. ಮೂರನೆಯ ಸಲ ಆಕೆ ಕೂಗಿ ಹೇಳಬೇಕಾಯಿತು. ಒಳಗಿದ್ದ ಯಜಮಾನರೇ ಹೊರಗೆ ಬಂದು ಫ್ಯಾನನ್ನು ವ್ಯಾನಿಗೆ ಹಾಕಿದರು.

ಪ್ರತಿ ಬಾಗಿಲಲ್ಲೂ ರಾಯರು ಮೊದಲು ಹೇಳುತ್ತಿದ್ದದ್ದು ಒಂದೇ: ತಪ್ಪು ಫ್ಯಾನಿನದ್ದಲ್ಲ, ನನ್ನದು. ಹೇಳುವಾಗ ನೆಲ ನೋಡುತ್ತಿದ್ದರಂತೆ, ಕಡೆಯ ಮನೆಯವರೆಗೂ. ಅದನ್ನು ಹೇಳುವಾಗ ಅಚ್ಯುತನ್ ನಗುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ನನಗೆ ಇನ್ನೊಂದು ಊಟದ ಕರೆ ಬಂತು. ಅದೇ ಫ್ಯಾನು. ಅಚ್ಚಿನ ಸವೆದ ಬುಷ್ ಬದಲಿಸಿ, ಬೇರೊಂದು ಹಾಳು ಫ್ಯಾನಿನ ರೆಕ್ಕೆ ಕೂರಿಸಿದ್ದರು. ಗುಂಡಿ ಒತ್ತಿದರು. ಮೊದಲಿನ ಗಿರಣಿ ಇಲ್ಲ. ಎಲ್ಲೋ ಒಳಗೆ ಜೀರುಂಡೆಯೊಂದು ಗುಂಯ್‌ಗುಡುತ್ತಿತ್ತು.

"ಈಗ ಹೇಗುಂಟು?"

ಹಿಂದಿನಂತೆಯೇ "ಬಹಳ ಮೌನ" ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪ್ರೇಮಮ್ಮ ಗಂಡನ ಬಲಗಿವಿಗೆ ಬಾಯಿಟ್ಟು ಬೀದಿಗೆ ಕೇಳುವಂತೆ ಕೂಗಿದರು: "ಇನ್ನೂ ಸ್ವಲ್ಪ ಗುಂಯ್ ಹೇಳ್ತದೆ!"

"ಹೌದಾ? ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ!" ರಾಯರು ಎಲೆಯ ಮುಂದಿನಿಂದ ಎದ್ದೇಬಿಟ್ಟರು, ಪಂಚೆ ಮಡಚಿ ಕಟ್ಟಿ ಸ್ಕ್ರೂಡ್ರೈವರ್ ಹುಡುಕಿದರು. ಪ್ರೇಮಮ್ಮ ಮೊದಲ ಬಾರಿಗೆ ನನ್ನ ಮುಖ ನೋಡಿಕೊಂಡು ಸಾರು ಬಡಿಸಿದರು. ಬಿಸಿ ಸಾರು. ಫ್ಯಾನಿಲ್ಲದೆ, ಬೆವರು ಒರೆಸಿಕೊಳ್ಳುತ್ತಾ, ತಲೆ ಎತ್ತದೆ ಉಂಡೆ.