ವಿಜ್ಞಾನಿಯ ಮನೆಯ ಬೀಗದಮ್ಮ

ಬೀಗದಮ್ಮನ ಎಡಗಿವಿಯ ಹಾಲೆ ನಡುವೆ ಹರಿದು ಎರಡು ಎಸಳಾಗಿತ್ತು. ಕುರಿ ಮೇಯಿಸುವ ವಯಸ್ಸಿನಲ್ಲಿ ಮರಿಯೊಂದನ್ನು ಎತ್ತಿಕೊಂಡಾಗ ಅದು ಓಲೆಯನ್ನು ಬಾಯಿಗೆ ಹಾಕಿಕೊಂಡು ಎಳೆದಿತ್ತಂತೆ. ಕೇಳಿದವರಿಗೆ, “ಅದಕ್ಕ ಬಂಗಾರದ ರುಚಿ ಹತ್ತಿತ್ತು” ಎನ್ನುತ್ತಿದ್ದಳು. ಸೊಂಟದಲ್ಲಿ ಯಾವಾಗಲೂ ಬೀಗದ ಕೈಗಳ ಗೊಂಚಲು. ಹೀಗಾಗಿ ಮಕ್ಕಳು ಇಟ್ಟ ಹೆಸರು ಬೀಗದಮ್ಮ.

ತಂಬ್ರಹಳ್ಳಿಯ ಆಚೆಗಿನ ಆ ಊರಿನಲ್ಲಿ ಬೆಳೆದವರೊಬ್ಬರು, ಕೈಯಿಂದ ತಿರುಗಿಸಿ ಶೇಂಗಾ ಸುಲಿಯುವ ಯಂತ್ರ ಕಂಡುಹಿಡಿದು ದೊಡ್ಡ ಹೆಸರು ಮಾಡಿದ್ದರು. ಅವರು ತೀರಿಕೊಂಡ ಮೇಲೆ, ತೊಂಬತ್ತರ ದಶಕದ ಮೊದಲಿಗೆ, ಅವರು ಬಾಲ್ಯ ಕಳೆದ ಮಾಳಿಗೆ ಮನೆಯನ್ನು ಊರಿನವರು ಸಮಿತಿ ಮಾಡಿಕೊಂಡು ಮ್ಯೂಸಿಯಂ ಮಾಡಿದರು. ನಾನಾಗ ಹರಪನಹಳ್ಳಿಯಿಂದ ವರ್ಗವಾಗಿ ಬಂದಿದ್ದ ವಿಜ್ಞಾನದ ಟೀಚರು. ನನ್ನ ಅಕ್ಷರ ದುಂಡಗಿದೆಯೆಂದು ಅಲ್ಲಿನ ಪ್ರತಿಯೊಂದು ವಸ್ತುವಿನ ಮುಂದಿಡುವ ಚೀಟಿಯನ್ನು ನನ್ನಿಂದಲೇ ಬರೆಸಿದರು. ಬಂದವರಿಗೆ ವಿವರಿಸುವ ಕೆಲಸವೂ ನನಗೇ ಬರುತ್ತದೆಂದು ನಾನು ನಂಬಿದ್ದೆ. ಅದು ಕಸ ಗುಡಿಸಲು ಇಟ್ಟುಕೊಂಡಿದ್ದ, ಶಾಲೆಯ ಮೆಟ್ಟಿಲೇ ಹತ್ತದ ಬೀಗದಮ್ಮನ ಪಾಲಾಯಿತು.

ಕೊಡಬೇಕೆಂದು ಯಾರೂ ಕೊಟ್ಟದ್ದಲ್ಲ. ಕೊಟ್ಟೂರಿನ ಶಾಲೆಯೊಂದರ ಮಕ್ಕಳು ಮೊದಲ ಸಲ ಬಂದಾಗ ಆಕೆ ಬಾಗಿಲಲ್ಲೇ ತಡೆದು ಒಬ್ಬೊಬ್ಬರ ಬೊಗಸೆಗೂ ಒಣ ಶೇಂಗಾಕಾಯಿ ಸುರಿದಳು.

“ಮೊದ್ಲು ಸುಲೀರಿ. ಬೆರಳು ನೊಂದ ಮ್ಯಾಲ ಹೇಳ್ತೀನಿ.”

ಮಕ್ಕಳು ನಗುತ್ತ ಶುರುಮಾಡಿದವರು ಸ್ವಲ್ಪ ಹೊತ್ತಿಗೆ ಬೆರಳು ಚೀಪತೊಡಗಿದರು. ಆಗ ಆಕೆ ಮಾತಿಗೆ ತೊಡಗಿದಳು. “ಇದಾ ಪಡಸಾಲ್ಯಾಗ ನಮ್ಮವ್ವ ಕೂಲಿಗೆ ಶೇಂಗಾ ಸುಲೀತಿದ್ಲು. ನಾನು ಬಾಜೂಕ ಕುಂದರ್ತಿದ್ದೆ. ಈ ಮನಿ ಹುಡುಗ ಬಂದು ನಮ್ಮವ್ವನ ಬೆರಳು ಹಿಡಕೊಂಡು, ಯಾಕ ಒಡದಾವು ಅಂತ ಕೇಳ್ತಿದ್ದ. ಉಪ್ಪು ಮುಟ್ಟಿದ್ರ ಉರೀತಾವು ನೋಡಪ ಅಂತಿದ್ಲು.” ಆಮೇಲೆ ಮೂಲೆಯಲ್ಲಿದ್ದ ಮುರುಕು ಯಂತ್ರಗಳನ್ನು ತೋರಿಸಿದಳು. “ಇದು ಮೊದ್ಲಿಂದು, ಕಾಳೆಲ್ಲ ಹಿಟ್ಟು ಮಾಡ್ತು. ಇದು ಎರಡ್ನೇದು, ಸಿಪ್ಪಿನೂ ಬಿಡಲಿಲ್ಲ, ಕಾಳೂ ಬಿಡಲಿಲ್ಲ. ಅಪ್ಪನ ಕೈಲೆ ಹೊಡತ ತಿಂದಾನ. ಅತ್ತಾನ. ಮರುದಿನ ಮತ್ತ ಕುಂತಾನ.” ಕೊನೆಗೆ ಸರಿಯಾದ ಯಂತ್ರದ ಹಿಡಿಕೆಯನ್ನು ಮಕ್ಕಳ ಕೈಗೇ ಕೊಟ್ಟಳು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಉದುರಿದಾಗ ಆ ಪಡಸಾಲೆ ಉಸಿರು ಬಿಟ್ಟಂತಾಯಿತು.

ನಾನು ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡಿದೆ. ಆ ಯಂತ್ರ ಕಾಯಿ ಸುಲಿಯುವುದೇ ಘರ್ಷಣೆಯಿಂದ; ಆ ಪಾಠವನ್ನು ನಾನು ಎಷ್ಟು ವರ್ಷ ಮಾಡಿದ್ದೆನೋ. ನನ್ನ ತರಗತಿಯಲ್ಲಿ ಹೊರಗೆ ಎಮ್ಮೆ ಹೋದರೂ ಮಕ್ಕಳ ಕತ್ತು ಅತ್ತ ಹೊರಳುತ್ತಿತ್ತು. ಇಲ್ಲಿ ಒಂದು ಕಣ್ಣೂ ಆಕೆಯ ಮುಖ ಬಿಟ್ಟು ಕದಲಿರಲಿಲ್ಲ. ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡದ್ದು ಅಂದು.

ನಾಲ್ಕು ವರ್ಷ ಅದನ್ನು ಸಾಕಿದೆ. ಹಡಗಲಿಯಿಂದ, ಕೂಡ್ಲಿಗಿಯಿಂದ ಶಾಲೆಗಳು ಬಂದಷ್ಟೂ ಅದು ಬೆಳೆಯಿತು. ಒಮ್ಮೆ ಬಳ್ಳಾರಿಯಿಂದ ಬಂದ ಪ್ರಾಂಶುಪಾಲರೊಬ್ಬರು ಆಕೆಯ ಮಾತು ಕೇಳಿ ಕೈಮುಗಿದರು. ಪಕ್ಕದಲ್ಲಿದ್ದ ನನ್ನ ಕಡೆ ತಿರುಗಿ, “ನೀವು ಇಲ್ಲಿ ಏನ್ ಮಾಡ್ತೀರಮ್ಮ?” ಎಂದರು. ಅಂದು ಸಂಜೆಯೇ, ಗುರುತು ಸಿಗದಂತೆ ಅಕ್ಷರ ಓರೆಯಾಗಿಸಿ, ಸಮಿತಿಗೆ ಹೆಸರಿಲ್ಲದ ಅರ್ಜಿ ಬರೆದೆ. ಓದು ಬಾರದವಳು ವಿಜ್ಞಾನಿಯ ಬಗ್ಗೆ ಕಟ್ಟುಕತೆ ಹೇಳುತ್ತಿದ್ದಾಳೆ, ಮನೆ ತುಂಬ ಸಿಪ್ಪೆ ಹರಡುತ್ತಿದ್ದಾಳೆ ಎಂದು.

ಸಮಿತಿಯವರು ಶೇಂಗಾ ಬಂದ್ ಮಾಡಿಸಿದರು. ಅಚ್ಚು ಹಾಕಿಸಿದ ಒಂದು ಹಾಳೆ ಕೊಟ್ಟು, ಇಷ್ಟೇ ಹೇಳತಕ್ಕದ್ದು ಎಂದರು. ಆಕೆ ಮೊಮ್ಮಗಳಿಂದ ಓದಿಸಿ ಬಾಯಿಪಾಠ ಮಾಡಿಕೊಂಡಳು. ಬಸ್ಸಿನ ಕಂಡಕ್ಟರ್ ಊರುಗಳ ಹೆಸರು ಕೂಗಿದ ಹಾಗೆ ಹೇಳಿ ಮುಗಿಸುತ್ತಿದ್ದಳು. ಮಕ್ಕಳು ಆಕಳಿಸಿದರು. ಸುಳ್ಳೇಕೆ ಹೇಳಲಿ, ಆ ಒಂದು ತಿಂಗಳು ನನಗೆ ಊಟ ರುಚಿಸಿತು. ಭಾನುವಾರಗಳಂದು ವಿವರಿಸಲು ನನ್ನನ್ನೇ ಕರೆದರು. ನಾನು ಅರ್ಧ ತಾಸು ಮಾತಾಡಿದ ಮೇಲೆ ಮುಂದಿನ ಸಾಲಿನ ಹುಡುಗಿ ವಿನಯದಿಂದ ಕೇಳಿದಳು: “ಮುಗೀತೇನ್ರಿ?”

ಮರುವಾರ ಬೀಗದಮ್ಮ ನನ್ನ ಮನೆಗೆ ಬಂದಳು. ಕೈಯಲ್ಲಿ ಆ ಹಾಳೆ.

“ಟೀಚರ್, ನಾ ಹೇಳ್ತಿದ್ದುದ್ರಾಗ ಸುಳ್ಳು ಯಾವ್ದು ಅಂತ ಹೇಳ್ರಿ. ಅದೊಂದು ಬಿಡ್ತೀನಿ.”

“ನನ್ನ ಯಾಕೆ ಕೇಳ್ತೀಯ?”

“ಅರ್ಜಿ ಬರದವ್ರು ನೀವಲ್ಲೇನ್ರಿ?” ಚಹಾ ಆಯಿತೇ ಎಂದು ಕೇಳಿದಷ್ಟು ಸಹಜವಾಗಿ ಕೇಳಿದಳು. ಸಮಿತಿಯ ಅಧ್ಯಕ್ಷರು ಅರ್ಜಿಯನ್ನು ಆಕೆಯ ಮುಂದೆ ಹಿಡಿದು ಗದರಿಸಿದ್ದರಂತೆ. “ನನಗ ಓದಾಕ ಬರಲ್ರಿ, ನೋಡಾಕ ಬರತೈತಿ. ನಿಮ್ಮ ಚೀಟಿ ದಿನಾ ಒರಸ್ತೀನಲ್ಲ. ಬಾಲದ ಅಕ್ಷರ ಬಂದಾಗೆಲ್ಲ ನೀವು ಕುರಿಮರಿ ಬಾಲದಂಗ ಮ್ಯಾಕ ಎತ್ತಿ ಬಿಡ್ತೀರಿ. ಬ್ಯಾರೆ ಯಾರೂ ಹಂಗ ಬರಿಯಲ್ಲ.”

“ಸಮಿತಿಯವರಿಗೆ ಹೇಳಿದೆಯಾ?”

“ಹೇಳಿದ್ರ ಸಾಲ್ಯಾಗ ನಿಮ್ಮ ಮಾತು ಹುಡುಗ್ರು ಕೇಳ್ತಾವೇನ್ರಿ?”

ಆಕೆಯನ್ನು ಕೂರಿಸಿ, ಕತೆಯನ್ನೆಲ್ಲ ಮೊದಲಿನಿಂದ ಹೇಳಿಸಿದೆ. ತಪ್ಪು ಹುಡುಕಲೆಂದೇ ಕೇಳಿದೆ. ಸಿಕ್ಕಿದ್ದು ಒಂದೇ. ಮೊದಲ ಯಂತ್ರ ಮಾಡಿದಾಗ ಆ ಹುಡುಗ ನಾಲ್ಕನೇ ಇಯತ್ತೆ ಎನ್ನುತ್ತಿದ್ದಳು, ದಾಖಲೆಯಲ್ಲಿ ಆರು. “ಆತು, ಆರು ಅಂತೀನಿ” ಎಂದು ಎದ್ದಳು.

ಮರುದಿನ ಅಧ್ಯಕ್ಷರ ಮನೆಗೆ ಹೋಗಿ, ಅರ್ಜಿ ನನ್ನದು, ಅದರಲ್ಲಿದ್ದುದು ಸುಳ್ಳು ಎಂದು ಒಪ್ಪಿಕೊಂಡೆ. ಇದನ್ನು ನನ್ನ ಒಳ್ಳೆಯತನ ಎಂದುಕೊಳ್ಳಬೇಡಿ. ನನ್ನ ಮರ್ಯಾದೆ ಉಳಿಸಿ ಸುಮ್ಮನಿದ್ದಳಲ್ಲ, ಅದರಲ್ಲೂ ಆಕೆಯೇ ನನಗಿಂತ ಮುಂದೆ ಇರುವುದು ನನ್ನಿಂದ ಸಹಿಸಲಾಗಲಿಲ್ಲ. ಸಮಿತಿಯವರು ಆ ಹಾಳೆ ವಾಪಸ್ ತೆಗೆದುಕೊಂಡರು; ಬೀಗದಮ್ಮ ಮತ್ತೆ ಹಳೆಯ ರೀತಿಯಲ್ಲೇ ಹೇಳತೊಡಗಿದಳು. ನಾನು ಭಾನುವಾರ ಹೋಗಿ ಮಕ್ಕಳ ಹಿಂದೆ ಕೂರುತ್ತಿದ್ದೆ. ಎಲ್ಲಿ ನಿಲ್ಲಿಸುತ್ತಾಳೆ, ಯಾವಾಗ ದನಿ ಇಳಿಸುತ್ತಾಳೆ ಎಂದು ಗಮನಿಸುತ್ತಿದ್ದೆ. ಘರ್ಷಣೆಯ ಪಾಠದ ದಿನ ಪುಸ್ತಕ ಮುಚ್ಚಿಸಿ, ಮಕ್ಕಳಿಂದ ಬೆಂಚುಗಳನ್ನು ಅಂಗಳಕ್ಕೆ ಎಳೆಸಿದೆ. ಬೆವರೊರೆಸಿಕೊಳ್ಳುತ್ತ ಅವರೇ ಕೇಳಿದರು, ಯಾಕ ಇಷ್ಟು ಭಾರ ಹತ್ತತೈತ್ರಿ ಎಂದು. ಹಾಗೆ ಅವರಾಗಿಯೇ ನನ್ನನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲು.

ಹೊಸ ಶತಮಾನ ಬಂದು ನಾಲ್ಕೈದು ವರ್ಷಕ್ಕೆ ಬೀಗದಮ್ಮ ತೀರಿಕೊಂಡಳು. ಜ್ವರ ಬಂದು ಎರಡೇ ದಿನ ಮಲಗಿದ್ದಳು. ಅಂದು ಸೋಮವಾರ. ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋದರೆ ಕುಳಿತಿದ್ದವರು ಒಂಬತ್ತು ಮಂದಿ. ಉಳಿದವರೆಲ್ಲ ಯಾರನ್ನೂ ಕೇಳದೆ ಆಕೆಯನ್ನು ಮಣ್ಣು ಮಾಡುವಲ್ಲಿಗೆ ಹೋಗಿದ್ದರು. ನಾನು ಸತ್ತರೆ ಇವರಲ್ಲಿ ಎಷ್ಟು ಜನ ಹೀಗೆ ಹೇಳದೆ ಕೇಳದೆ ಬಂದಾರು ಎಂದು ಆ ಹೊತ್ತಿನಲ್ಲೂ ಲೆಕ್ಕ ಹಾಕಿದ್ದು ನಿಜ.

ಎಲ್ಲರಿಗೂ ಹಾಜರಿ ಹಾಕಿದೆ. ಒಂಬತ್ತು ಮಂದಿಯನ್ನೂ ಎಬ್ಬಿಸಿ, “ನಡೀರಿ, ನಾವೂ ಹೋಗೋಣ” ಎಂದೆ. ಅವರು ನನಗಾಗಿ ಕಾಯಲಿಲ್ಲ. ಗೇಟು ದಾಟಿದ್ದೇ ಹೊಲದ ದಾರಿ ಹಿಡಿದು ಓಡಿದರು. ಚಪ್ಪಲಿ ಕೈಯಲ್ಲಿ ಹಿಡಿದು ನಾನೂ ಅವರ ಹಿಂದೆ ಓಡಿದೆ.