ಪೆನ್ಸಿಲ್ ಗುರುತಿನ ಮೊಟ್ಟೆಗಳು

ತಮ್ಮ ತೀರಿಕೊಂಡ ಮೇಲೆ ಅವನ ಕೋಣೆಯಲ್ಲಿ ಜೀವ ಉಳಿದಿದ್ದದ್ದು ಗಾಜಿನ ಪೆಟ್ಟಿಗೆಯೊಳಗಿನ ಎರಡು ಹಲ್ಲಿಗಳಲ್ಲಿ ಮಾತ್ರ. ಹಲ್ಲಿ ಎನ್ನುವುದು ನಮ್ಮ ಮನೆಯ ಮಾತು. ಅವನು ಅವನ್ನು ಲೆಪರ್ಡ್ ಗೆಕೊ ಎನ್ನುತ್ತಿದ್ದ. ಹಳದಿ ಮೈ, ಅದರ ಮೇಲೆ ಕಪ್ಪು ಚುಕ್ಕೆ, ದಪ್ಪ ಬಾಲ, ನಮ್ಮ ಹಾಗೆ ರೆಪ್ಪೆ ಮುಚ್ಚಿ ತೆರೆಯುವ ಕಣ್ಣು. ಅವನು ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿನ ಗೆಳೆಯನೊಬ್ಬ ಇವನಿಗೆ ಈ ಹುಚ್ಚು ಹತ್ತಿಸಿದ್ದು. ಹೆಣ್ಣು ನಮ್ಮದು. ಗಂಡು ಆ ಗೆಳೆಯನದು, ಮರಿ ಮಾಡಿಸಲೆಂದು ಕೆಲವು ವಾರಗಳ ಮಟ್ಟಿಗೆ ತಂದದ್ದು.

ಹೆಣ್ಣನ್ನು ಮನೆಗೆ ತಂದ ದಿನ ಅಮ್ಮ ಬಾಗಿಲಲ್ಲೇ ತಡೆದಿದ್ದಳು.

"ಲೇ, ಹೊಸಕೋಟೆ ತುಂಬ ಗೋಡೆಗೋಡೆಗೂ ಬಿಟ್ಟಿ ಬಿದ್ದವೆ. ಇದನ್ನ ದುಡ್ಡು ಕೊಟ್ಟು ತಂದ್ಯಾ?"

"ಅಮ್ಮಾ, ಇದು ಗೋಡೆ ಹತ್ತಲ್ಲ ಕಣಮ್ಮಾ. ಕಾಲಲ್ಲಿ ಅಂಟೇ ಇಲ್ಲ. ನಿನ್ನ ತಲೆ ಮೇಲೆ ಬೀಳುತ್ತೆ, ಪಂಚಾಂಗ ನೋಡ್ಬೇಕು ಅನ್ನೋ ಭಯನೇ ಬೇಡ."

"ಗೋಡೆ ಹತ್ತಕ್ಕೂ ಬರಲ್ವಾ? ಸರಿಹೋಯ್ತು. ನಿನಗೆ ತಕ್ಕ ಹಲ್ಲಿನೇ ಸಿಕ್ಕೈತೆ ಬಿಡು."

ಆಮೇಲೆ ಅವಳು ಆ ಕೋಣೆಯ ಕಸ ಗುಡಿಸಲು ಹೋದಾಗಲೂ ಪೆಟ್ಟಿಗೆಯ ಕಡೆ ಬೆನ್ನು ಮಾಡಿಯೇ ಗುಡಿಸುತ್ತಿದ್ದಳು.

ತಮ್ಮನಿಗೆ ಬಂದದ್ದು ಬರೀ ಜ್ವರ. ಮಾತ್ರೆ ನುಂಗಿ ಎರಡು ದಿನ ಕೆಲಸಕ್ಕೂ ಹೋದ. ಆಮೇಲೆ ಆಸ್ಪತ್ರೆ. ಅಲ್ಲಿಂದ ಅವನು ನಡೆದು ಬರಲಿಲ್ಲ. ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅವನ ರಿಪೋರ್ಟಿನ ಅಂಕಿಗಳು ಇಳಿಯುತ್ತ ಹೋದದ್ದನ್ನು ಬೇರೆಯವರಿಗಿಂತ ಮೊದಲು ಓದಿದೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇನ್ನೂ ಆಗುವುದಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಆ ಗೆಳೆಯ ಬಂದ. ತುಂಬ ಹೊತ್ತು ಕೂತಿದ್ದು, ತನ್ನ ಗಂಡನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡ. ಹೆಣ್ಣನ್ನು ಅಂಗೈ ಮೇಲೆ ಎತ್ತಿ ಹೊಟ್ಟೆಯ ಅಡಿಭಾಗ ತೋರಿಸಿದ. ತೆಳು ಚರ್ಮದ ಒಳಗೆ, ಎಡಕ್ಕೊಂದು ಬಲಕ್ಕೊಂದು, ಬಿಳಿಯ ಉದ್ದನೆಯ ಆಕಾರ.

"ಎರಡು ಮೊಟ್ಟೆ ಅಕ್ಕಾ. ಅವನು ಇದಕ್ಕೇ ಕಾಯ್ತಿದ್ದ. ಇಟ್ಟ ಮೇಲೆ ಇದು ತಿರುಗಿ ನೋಡಲ್ಲ, ಕಾವು ಕೂರಲ್ಲ. ನೀವೇ ತೆಗೆದು ಒದ್ದೆ ಕೊಕೊಪೀಟ್, ಅದೇ ತೆಂಗಿನ ನಾರಿನ ಪುಡಿ, ಅದರ ಮೇಲೆ ಇಡ್ಬೇಕು. ಇಟ್ಟ ತಕ್ಷಣ ಮೇಲ್ಭಾಗಕ್ಕೆ ಪೆನ್ಸಿಲಲ್ಲಿ ಒಂದು ಗುರುತು ಹಾಕಿ. ಆ ಗುರುತು ಕೊನೇವರೆಗೂ ಮೇಲೇ ಇರ್ಬೇಕು. ತಿರುಗಿದ್ರೆ ಒಳಗಿರೋದು ಉಸಿರುಕಟ್ಟಿ ಸತ್ತೋಗುತ್ತೆ."

ಅಮ್ಮ ಆಗ ಅಡುಗೆಮನೆಯಲ್ಲಿ ಅವನಿಗೆ ಕಾಫಿ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಹೆಣ್ಣಿನ ಹೊಟ್ಟೆ ಒಳಸರಿದಿತ್ತು. ಪೆಟ್ಟಿಗೆಯ ಮೂಲೆಯಲ್ಲಿ ತಮ್ಮನೇ ಇಟ್ಟಿದ್ದ ಒದ್ದೆ ಮಣ್ಣಿನ ಡಬ್ಬಿಯಲ್ಲಿ ಎರಡು ಮೊಟ್ಟೆ. ಕೋಳಿಮೊಟ್ಟೆಯ ಗಟ್ಟಿತನ ಅವಕ್ಕಿರಲಿಲ್ಲ. ಒದ್ದೆ ಕಾಗದದ ಹಾಗೆ ಮೆತ್ತಗೆ. ಲ್ಯಾಬಿನಲ್ಲಿ ಸ್ಯಾಂಪಲ್ ಹಿಡಿಯುವ ಹಾಗೆ ಹಿಡಿದು, ಇದ್ದ ಹಾಗೇ ಎತ್ತಿ, ಕೊಕೊಪೀಟ್ ತುಂಬಿದ ಮೊಸರಿನ ಡಬ್ಬಿಗೆ ಸಾಗಿಸಿದೆ. ಒಂದೊಂದರ ನೆತ್ತಿಗೂ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದೆ. ಅಡಿಯಲ್ಲಿ ಬಿಸಿ ಕೊಡುವ ಮ್ಯಾಟ್. "ಇದನ್ನ ಮುಟ್ಟಬೇಡ ಅಮ್ಮಾ" ಎಂದು ಹೇಳಿದೆ. ಅವಳು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

ಕೆಲವು ದಿನ ಬಿಟ್ಟು, ಡಬ್ಬಿಯಿಂದ ಎತ್ತದೆಯೇ, ಮೊಬೈಲಿನ ಬೆಳಕನ್ನು ಪಕ್ಕದಿಂದ ಹಿಡಿದೆ. ಎರಡರಲ್ಲೂ ಗುಲಾಬಿ ಬಣ್ಣ, ಅದರ ನಡುವೆ ಕೆಂಪು ಉಂಗುರ, ಕೂದಲಿನಷ್ಟು ಸಣ್ಣ ನರಗಳು. ಅಮ್ಮನನ್ನು ಕರೆದು ತೋರಿಸಿದೆ.

"ಜೀವ ಐತೇನೇ?"

"ಐತೆ."

"ಅವನು ತಂದ ಹಲ್ಲೀದೇ?"

"ಅವನು ತಂದ ಹಲ್ಲೀದೇ ಅಮ್ಮಾ."

ಅಂದು ಅವಳು ತಲೆ ಬಾಚಿಕೊಂಡಳು. ತಟ್ಟೆ ಹಾಕಿಕೊಂಡು ಕೂತು ಊಟ ಮಾಡಿದಳು. ಅಲ್ಲಿಯವರೆಗೆ ಅವಳು ನಿಂತುಕೊಂಡೇ ಎರಡು ತುತ್ತು ನುಂಗುತ್ತಿದ್ದವಳು. ಪಕ್ಕದ ಮನೆಯವರಿಗೆ "ಇನ್ನೆರಡು ತಿಂಗಳಿಗೆ ಮರಿ ಆಗ್ತವೆ" ಎಂದು ಹೇಳುವುದು ನನ್ನ ಕಿವಿಗೆ ಬಿತ್ತು. ನಾನು ಬೆಳಿಗ್ಗೆ ಬೇಗ ಹೊರಡುವವಳು, ಮನೆ ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಬಂದ ಕೂಡಲೇ ಡಬ್ಬಿ ತೆರೆದು ನೋಡುತ್ತಿದ್ದೆ. ಗೆರೆ ಮೇಲೇ ಇರುತ್ತಿತ್ತು.

ಒಂದು ದಿನ ಲ್ಯಾಬಿನಲ್ಲಿ ಯಂತ್ರ ಕೆಟ್ಟು ಮಧ್ಯಾಹ್ನವೇ ಮನೆಗೆ ಬಂದೆ. ಡಬ್ಬಿಯ ಮುಚ್ಚಳ ತೆಗೆದಾಗ ಎರಡು ಮೊಟ್ಟೆಗಳ ಮೇಲೂ ಗೆರೆ ಇರಲಿಲ್ಲ. ಮೊದಲು, ತೇವಕ್ಕೆ ಅಳಿಸಿಹೋಗಿದೆ ಎಂದುಕೊಂಡೆ. ಬಗ್ಗಿ ಪಕ್ಕದಿಂದ ನೋಡಿದೆ. ಗೆರೆಯ ಒಂದು ತುದಿ ಕೊಕೊಪೀಟಿಗೆ ತಾಗಿಕೊಂಡು ಕಾಣಿಸುತ್ತಿತ್ತು.

"ಅಮ್ಮಾ, ಇದನ್ನ ಮುಟ್ಟಿದ್ಯಾ?"

"ಬರೀ ಕೈಲಿ ಹಂಗೇ ಮುಟ್ಟಿಲ್ಲ ಕಣೇ, ಸೋಪು ಹಾಕಿ ತೊಳ್ಕೊಂಡೇ ಮುಟ್ಟೋದು. ಬೆಳಿಗ್ಗೆ ನೀನು ಹೋದ ಮೇಲೆ ಒಂದ್ಸಲ, ಸಾಯಂಕಾಲ ನೀನು ಬರೋ ಮುಂಚೆ ಒಂದ್ಸಲ ತಿರುವಿ ಹಾಕ್ತೀನಿ. ಒಂದಿನಾನೂ ತಪ್ಪಿಸಿಲ್ಲ."

ಸಾಸಲಿನ ಕಡೆಯ ಅವಳ ತವರಿನಲ್ಲಿ ಕೋಳಿಯನ್ನು ಕಾವಿಗೆ ಕೂರಿಸುವಾಗ ಮಂಕರಿಯೊಳಗಿನ ಮೊಟ್ಟೆಗಳಿಗೆಲ್ಲ ಇದ್ದಿಲಿನಲ್ಲಿ ಗೆರೆ ಎಳೆಯುತ್ತಾರೆ. ಬೇರೆ ಕೋಳಿ ಬಂದು ಹೊಸ ಮೊಟ್ಟೆ ಇಟ್ಟರೆ ಗುರುತು ಸಿಗಲಿ ಎಂದು. ನನ್ನ ಪೆನ್ಸಿಲ್ ಗೆರೆಯನ್ನು ಕಂಡು ಅವಳು ಇದೂ ಅದೇ ಎಂದುಕೊಂಡಿದ್ದಳು. ಮಗಳಿಗೆ ನಮ್ಮೂರ ಪದ್ಧತಿ ನೆನಪಿದೆಯಲ್ಲ ಎಂದು ಖುಷಿಪಟ್ಟಿದ್ದಳಂತೆ.

"ಕೋಳಿಯಾದ್ರೆ ತಾನೇ ಕಾಲಲ್ಲಿ ತಿರುವಿಕೊಳ್ಳುತ್ತೆ. ಈ ಮುಂಡೇದು ಇಟ್ಟು ಆ ಕಡೆ ಹೋಗ್ಬಿಡ್ತು. ನಾನೇ ನೋಡ್ಕೋಬೇಕಲ್ಲ."

ನಾನು ಮುಚ್ಚಳ ಹಾಕಿದೆ. ಬಟ್ಟೆ ಬದಲಾಯಿಸಬೇಕು ಎಂದು ಹೇಳಿ ಒಳಗೆ ಹೋದೆ. ತಮ್ಮನ ಗೆಳೆಯನಿಗೆ ಫೋನ್ ಮಾಡಿದೆ. "ಬೆಳಕಿಗೆ ಹಿಡಿದು ನೋಡಿ ಅಕ್ಕಾ" ಎಂದಷ್ಟೇ ಹೇಳಿದ. ಹಿಡಿದು ನೋಡಿದೆ. ಗುಲಾಬಿ ಹೋಗಿ ಹಳದಿ ಆಗಿತ್ತು. ನರಗಳಿರಲಿಲ್ಲ. ಒಂದರಲ್ಲಿ ತಳಕ್ಕೆ ಕುಸಿದು ಕೂತ ಕಪ್ಪು ಕಲೆ, ಇನ್ನೊಂದರಲ್ಲಿ ಅದೂ ಇಲ್ಲ.

ಇನ್ನು ಮೇಲೆ ತಿರುವುವುದು ಬೇಡ, ಬೆಳೆದಿವೆ ಎಂದು ಅಮ್ಮನಿಗೆ ಹೇಳಿದೆ. ಅವಳು ನಂಬಿದಳು. ಡಬ್ಬಿಯ ಮುಂದೆ ಮಣೆ ಹಾಕಿಕೊಂಡು ಕೂರತೊಡಗಿದಳು. ಮೊಟ್ಟೆಗಳ ಮೈ ತಗ್ಗಿತು. ಬೂದುಬಣ್ಣದ ಬೂಷ್ಟು ಬಂತು. ನಾನು ಹತ್ತಿಯಿಂದ ಒರೆಸಿದೆ, ಮಾರನೆಯ ದಿನ ಅದು ಮತ್ತೆ ಬಂತು. ಆಮೇಲೆ ವಾಸನೆ ಬರತೊಡಗಿತು.

ವಾಸನೆಯನ್ನು ಮೊದಲು ಹೇಳಿದ್ದು ಅವಳೇ.

"ಕೆಟ್ಟೋಗವೆ ಅಲ್ವಾ?"

"ಹೂಂ."

"ನಾನು ತಿರುವಿದ್ದಕ್ಕಾ?"

"ಅಲ್ಲಮ್ಮಾ. ಕರೆಂಟು ಹೋಗ್ತಾ ಇತ್ತಲ್ಲ, ಬಿಸಿ ಸಾಲಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. "ಕರೆಂಟು ಹೋದಾಗೆಲ್ಲ ಬಾಟ್ಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿ ಇಟ್ಟಿದ್ದೀನಿ ಕಣೇ. ಒಂದ್ಸಲಾನೂ ತಣ್ಣಗಾಗಕ್ಕೆ ಬಿಟ್ಟಿಲ್ಲ."

ಗೆಳೆಯ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಗೆರೆ ಯಾಕೆ ಎಳೆದದ್ದು, ಅದು ಯಾಕೆ ಮೇಲೇ ಇರಬೇಕಿತ್ತು, ತಿರುವಿದರೆ ಒಳಗೆ ಏನಾಗುತ್ತದೆ. ಅವಳು ಅಳಲಿಲ್ಲ. "ಅಷ್ಟು ಮೆತ್ತಗೆ ತಿರುವುತಾ ಇದ್ದೆ" ಎಂದಳು. ಮಣೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಅವತ್ತಿನಿಂದ ಅವಳು ಆ ಕೋಣೆಗೆ ಬರುವುದಿಲ್ಲ. ಕಸವನ್ನೂ ನಾನೇ ಗುಡಿಸುತ್ತೇನೆ. ಊಟ ಮತ್ತೆ ನಿಂತುಕೊಂಡೇ. ಒಮ್ಮೆ ಕೂಡಿದ ಮೇಲೆ, ಮತ್ತೆ ಗಂಡಿನ ಸಂಗವಿಲ್ಲದೆಯೂ ಹೆಣ್ಣು ಇನ್ನೂ ಕೆಲವು ಸಲ ಮೊಟ್ಟೆ ಇಡಬಹುದು, ಅವುಗಳಲ್ಲೂ ಒಮ್ಮೊಮ್ಮೆ ಜೀವ ಇರುತ್ತದೆ ಎಂದು ಗೆಳೆಯ ಹೇಳಿದ್ದ. ಹೋದ ತಿಂಗಳು ಅದು ಇನ್ನೆರಡು ಇಟ್ಟಿತು. ಬಾಗಿಲು ಹಾಕಿಕೊಂಡು, ಬೆಳಕು ಹಿಡಿದು, ಇನ್ನೂ ಒಂದು ವಾರ ಕಾದು ಮತ್ತೆ ಹಿಡಿದೆ. ಎರಡರ ಒಳಗೂ ಬರೀ ಹಳದಿ ನೀರು. ಕಾಗದದಲ್ಲಿ ಸುತ್ತಿ, ಅಮ್ಮ ಹಾಲು ತರಲು ಹೋಗಿದ್ದ ಹೊತ್ತಿನಲ್ಲಿ, ಹಿತ್ತಲಲ್ಲಿ ಹೂತುಬಂದೆ.