ಅರ್ಧ ನೋಡಿದ ಸಿನಿಮಾ

ಗಂಡನ ಮನೆ ಬಿಟ್ಟು ನಾನು ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಪುಟ್ಟ ಅಪಾರ್ಟ್‌ಮೆಂಟಿಗೆ ಬಂದ ಮೇಲೆ, ನನ್ನನ್ನು ಒಪ್ಪಿಸಿ ವಾಪಸ್ ಕಳಿಸಲೆಂದೇ ಅಮ್ಮ ಮೈಸೂರಿನಿಂದ ಈ ಪರದೇಶಕ್ಕೆ ವಿಮಾನ ಹತ್ತಿ ಬಂದರು. ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ನಾನು ಮಾತಾಡಿದರೆ ಫೋನಿನಿಂದ ತಲೆ ಎತ್ತುತ್ತಿರಲಿಲ್ಲ. ನಾಲ್ಕು ಜನರೆದುರು ಮಾತ್ರ ನನ್ನ ಒಂದೊಂದು ಮಾತನ್ನೂ ತಿದ್ದುತ್ತಿದ್ದ. ಎಷ್ಟು ಬಿಡಿಸಿ ಹೇಳಿದರೂ ಅಮ್ಮನಿಗೆ ಅದೊಂದು ಕಾರಣ ಅನ್ನಿಸಲಿಲ್ಲ.

“ಇಷ್ಟಕ್ಕೆಲ್ಲ ಮನೆ ಬಿಡ್ತಾರೇನೇ?” ಬೆಳಗಿನ ಕಾಫಿಯ ಜೊತೆಗೇ ಶುರುವಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಹಾಲಿವುಡ್‌ನ ಹಳೆಯ ಕಪ್ಪು-ಬಿಳುಪು ಸಿನಿಮಾ ಬರುತ್ತಿತ್ತು. ಎಂದೂ ಕೇಳದ ಚಿತ್ರ, ಎಂದೂ ಕೇಳದ ನಟಿ. ಅದರಲ್ಲಿನ ಗಂಡ ಸಭ್ಯಸ್ಥ, ಊಟದ ಮೇಜಿನಲ್ಲಿ ಪತ್ರಿಕೆಯ ಹಿಂದೆ ಅವನ ಮುಖ. ಹೆಂಡತಿ ಏನೋ ಹೇಳಲು ಬಾಯಿ ತೆರೆದು, ಸುಮ್ಮನಾಗಿ, ಅವನ ಲೋಟಕ್ಕೆ ನೀರು ಬಗ್ಗಿಸುತ್ತಾಳೆ. ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅಮ್ಮನ ಕೈ ನಿಂತಿತು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ, ಆದರೂ ನನ್ನನ್ನು ಅರ್ಥ ಕೇಳಲಿಲ್ಲ. ಆ ಹೆಂಡತಿ ಪೆಟ್ಟಿಗೆ ಹಿಡಿದು ಮನೆ ಬಿಟ್ಟಳು, ಅಂಗಡಿಯೊಂದರಲ್ಲಿ ಕೆಲಸ ಹಿಡಿದಳು. ಅಷ್ಟರಲ್ಲಿ ನಮ್ಮ ಬಿಲ್ಡಿಂಗಿನ ಫೈರ್ ಅಲಾರಮ್ ಹೊಡೆದುಕೊಂಡಿತು. ಯಾರ ಮನೆಯಲ್ಲೋ ಒಗ್ಗರಣೆ ಸೀದಿತ್ತು, ಅಷ್ಟೇ. ಮೆಟ್ಟಿಲಿಳಿದು, ಚಳಿಯಲ್ಲಿ ನಿಂತು, ಮತ್ತೆ ಮೇಲೆ ಬರುವಷ್ಟರಲ್ಲಿ ಸಿನಿಮಾ ಮುಗಿದಿತ್ತು.

“ವಾಪಸ್ ಹೋದಳೇನೇ ಅವಳು?” ಅಮ್ಮ ಕೇಳಿದರು.

“ಗೊತ್ತಿಲ್ಲಮ್ಮ.”

“ನೋಡ್ಲೇಬೇಕು ಕಣೇ.”

ಯಾವ ಆ್ಯಪಿನಲ್ಲೂ ಅದು ಇರಲಿಲ್ಲ, ಲೈಬ್ರರಿಯಲ್ಲೂ ಇರಲಿಲ್ಲ. ನಾನು ಕೈಬಿಟ್ಟೆ, ಅಮ್ಮ ಬಿಡಲಿಲ್ಲ. ಮಿಸಿಸಾಗದ ಆಫೀಸಿನಿಂದ ನಾನು ಬಂದು ಶೂ ಬಿಚ್ಚುವ ಮೊದಲೇ “ಸಿಕ್ತಾ?” ಅನ್ನುತ್ತಿದ್ದರು. ಕೊನೆಗೆ ಬರ್ಲಿಂಗ್ಟನ್ ಊರಿನ ಹಳೆಯ ಡಿವಿಡಿ ಅಂಗಡಿಯೊಂದರಲ್ಲಿ ಇದೆಯೆಂದು ತಿಳಿದು, ಶನಿವಾರ ಇಬ್ಬರೂ ಟ್ರೇನ್ ಹತ್ತಿದೆವು. ಅಂಗಡಿಯ ಮುದುಕ ಡಬ್ಬಿಯ ಧೂಳು ಒರೆಸಿ ಕೊಡುತ್ತ, ಈ ನಟಿಯನ್ನು ಈಗ ಯಾರೂ ಕೇಳುವುದಿಲ್ಲ, ನಾಲ್ಕಾರು ಚಿತ್ರ ಮಾಡಿ ಕಣ್ಮರೆಯಾದಳು ಎಂದ.

ಗೆಳತಿಯಿಂದ ಪ್ಲೇಯರ್ ತಂದು ಅಂದು ಸಂಜೆಯೇ ಮೊದಲಿಂದ ನೋಡಿದೆವು. ಕೊನೆಯಲ್ಲಿ ಗಂಡ ಹೂ ಹಿಡಿದು ಅಂಗಡಿಗೆ ಬರುತ್ತಾನೆ. ಅವಳು ನಕ್ಕು ಅವನ ಕಾರು ಹತ್ತುತ್ತಾಳೆ. ಅಮ್ಮನಿಗೆ ಬೇಕಾದ ಉತ್ತರ ಸಿಕ್ಕಿತು ಎಂದುಕೊಂಡೆ.

“ಅವಳು ಹೋದಳು ಅಂತ ನಾನು ಹೋಗಲ್ಲಮ್ಮ,” ಎಂದೆ.

“ಸ್ವಲ್ಪ ಹಿಂದಕ್ಕೆ ಹಾಕು.”

ಕಾರಿನೊಳಗಿನ ಮುಖ ಮತ್ತೆ ಬಂತು. ಬಾಯಿ ನಗುತ್ತಿತ್ತು, ಕಣ್ಣು ಅಂಗಡಿಯ ಬಾಗಿಲನ್ನೇ ನೋಡುತ್ತಿತ್ತು.

“ಕಥೆ ಬರೆದವನು ಕಳಿಸಿದ, ಇವಳು ಹೋದಳು,” ಅಂದರು ಅಮ್ಮ. “ಆದ್ರೆ ಇಷ್ಟ ಇಲ್ಲ ಅಂತ ಮುಖದಲ್ಲೇ ಹೇಳ್ಬಿಟ್ಟಿದಾಳೆ ನೋಡು. ಗಟ್ಟಿಗಿತ್ತಿ.” ಆಮೇಲೆ ನನ್ನ ಕಡೆ ತಿರುಗಿ, “ಹೋದ ಸಲ ನೀನು ಊರಿಗೆ ಬಂದಾಗ ನಿನ್ನ ಮುಖಾನೂ ಹೀಗೇ ಇತ್ತು. ನೋಡಿಯೂ ಕೇಳಲಿಲ್ಲ ನಾನು,” ಎಂದರು.

ಮರುದಿನ ಅವರೇ ಅಪ್ಪನಿಗೆ ಫೋನ್ ಮಾಡಿದರು. “ಇವಳು ವಾಪಸ್ ಹೋಗಲ್ಲ ಕಣ್ರೀ. ನಾನಿನ್ನು ಕೇಳಲ್ಲ, ನೀವೂ ಕೇಳ್ಬೇಡಿ.” ಅಪ್ಪ ಏನೇನೋ ವಾದಿಸಿದರು. ಅಮ್ಮ ಅದನ್ನೇ ಮತ್ತೆ ಹೇಳಿದರು.

ಆ ವಾರ ಲಾಯರ್ ಹತ್ತಿರ ಹೋದಾಗ ಅಮ್ಮ ರೇಷ್ಮೆ ಸೀರೆಯ ಮೇಲೆ ನನ್ನ ಜಾಕೆಟ್ ಹಾಕಿಕೊಂಡು ಜೊತೆಗೆ ಬಂದರು. ಮತ್ತೊಮ್ಮೆ ಯೋಚಿಸುತ್ತೀರಾ ಎಂದು ಲಾಯರ್ ಕೇಳಿದಾಗ, ನನಗಿಂತ ಮೊದಲು ಅಮ್ಮನೇ “ನೋ” ಅಂದರು. ನಾನೂ ಅದನ್ನೇ ಹೇಳಿದೆ.

ಡಿವೋರ್ಸ್ ಕೈಗೆ ಬರಲು ವರ್ಷದ ಮೇಲಾಯಿತು. ಆ ಹೊತ್ತಿಗೆ ಅಮ್ಮ ಮೈಸೂರಿಗೆ ಮರಳಿದ್ದರು. ಅಲ್ಲಿ ನನ್ನ ಬಗ್ಗೆ ಕೇಳಿದವರಿಗೆಲ್ಲ ಏನು ಹೇಳಬೇಕೋ ಅದನ್ನು ಅವರೇ ಹೇಳಿ ಮುಗಿಸಿದ್ದರು.